ಹಸಿರುಗಾಲಿನವಳು

೬ ಎಸ್ಫಂದ್

ಇಂದು ಅಮ್ಮ ಹರಕೆಯ ಗೋಧಿ ನೆನೆಹಾಕಿದಳು. ಹತ್ತು ಕಿಲೋ. ಕೈಕಾಲು ತೊಳೆದುಕೊಂಡು, ಹಿಡಿ ಹಿಡಿಗೂ ಅಣ್ಣನ ಹೆಸರು ಹೇಳುತ್ತ ಹಂಡೆಗೆ ಸುರಿದಳು. ಎಸ್ಮಾಯಿಲ್ ಸೈನ್ಯದ ಕಡ್ಡಾಯ ಸೇವೆ ಮುಗಿಸಿ ಎಸ್ಫಂದ್ ತಿಂಗಳು ಮುಗಿದು ಹೊಸ ವರ್ಷದ ನೌರೂಜ್ ಹಬ್ಬ ಬರುವ ಹೊತ್ತಿಗೆ ಬರುತ್ತೇನೆಂದು ಕಾಗದ ಬರೆದಿದ್ದಾನೆ. ಅವನು ಕ್ಷೇಮವಾಗಿ ಹೊಸ್ತಿಲು ದಾಟಲಿ ಎಂದು ಇಡೀ ಓಣಿಗೆ ಮೊಳಕೆ ಗೋಧಿಯ ಸಿಹಿ ಗಂಜಿ, ಸಮನು, ಹಂಚುವ ಹರಕೆ.

ಜನತೆ ಎಚ್ಚರಗೊಳ್ಳಬೇಕಾದ ಈ ಹೊತ್ತಿನಲ್ಲಿ ನಮ್ಮ ಮನೆಯ ಹೆಂಗಸರು ಗೋಧಿಯನ್ನು ಕತ್ತಲಲ್ಲಿ ಮಲಗಿಸುತ್ತಾರೆ! ಅದು ಮೊಳೆತ ಮೇಲೆ ಅರೆದು, ಹಾಲು ಹಿಂಡಿ, ಹಗಲೆಲ್ಲ ಕೊಪ್ಪರಿಗೆಯಲ್ಲಿ ತಿರುವುತ್ತಾರೆ. ಗಂಡಸರು ಹತ್ತಿರ ಬರಬಾರದು. ಮನಸ್ಸಿನಲ್ಲಿ ಕೆಟ್ಟದ್ದಿರುವವರು ನೋಡಬಾರದು. ಮೊಳಕೆ ಹಸಿರಾದರೆ ಸಮನು ಕಹಿಯಾಗುತ್ತದೆ, ಹರಕೆ ಮೇಲಕ್ಕೆ ತಲುಪಲಿಲ್ಲ ಎಂದರ್ಥ. ಈ ಸಲ ಸೌಟು ಮುಟ್ಟುವುದಿಲ್ಲ ಎಂದು ಅಮ್ಮನಿಗೆ ಹೇಳಿಬಿಟ್ಟೆ.

"ಮುಟ್ಬೇಡ. ತಿನ್ನೋಕೂ ಬರ್ಬೇಡ," ಎಂದಳು.

ಅತ್ತಿಗೆ ಗೋಹರ್ ನಕ್ಕಳು. ಅಣ್ಣ ರಜೆಯಲ್ಲಿ ಬಂದಾಗ ಮದುವೆಯಾಗಿ ಐದು ತಿಂಗಳು. ಮರುಭೂಮಿಯಂಚಿನ ಹಳ್ಳಿಯವಳು, ಹದಿನೇಳು ವರ್ಷ, ಅಕ್ಷರ ಬಾರದು. ಶೋಷಿತ ರೈತವರ್ಗದ ಒಬ್ಬ ಪ್ರತಿನಿಧಿ ನಮ್ಮ ಮನೆಯಲ್ಲೇ ಇದ್ದಾಳೆ. ಅವಳ ಪ್ರಜ್ಞೆಯನ್ನು ಎತ್ತರಿಸುವುದು ನನ್ನ ಕರ್ತವ್ಯ. ಬೇಸಿಗೆಯಲ್ಲಿ ಶುರುಮಾಡಬೇಕು.

೧೦ ಎಸ್ಫಂದ್

ಕೊನೆಗೂ ಓದಲು ಒಂದು ಜಾಗ ಸಿಕ್ಕಿತು. ನೆಲಮಾಳಿಗೆ! ನಿನ್ನೆ ಗೋಧಿಯನ್ನು ಐದು ದೊಡ್ಡ ತಟ್ಟೆಗಳಲ್ಲಿ ಹರಡಿ, ತೆಳು ಒದ್ದೆ ಬಟ್ಟೆ ಹೊದಿಸಿ ಅಲ್ಲಿಟ್ಟಿದ್ದಾರೆ. ಅಮ್ಮ ಬೆಳಗಿನ ಪ್ರಾರ್ಥನೆಯ ನಂತರ ಮತ್ತು ಮುಸ್ಸಂಜೆ ಲಾಟೀನು ಹಿಡಿದು ಹೋಗಿ ನೀರು ಚಿಮುಕಿಸುತ್ತಾಳೆ. ಮಿಕ್ಕ ಹೊತ್ತಿನಲ್ಲಿ ಯಾರೂ ಇಳಿಯುವುದಿಲ್ಲ. ಮೇಲೆ ಒಂದೇ ಬೆಳಕಿಂಡಿ, ಅದಕ್ಕೆ ಕಂಬಳಿಯ ತುಂಡು ತುರುಕಿದ್ದಾರೆ. ಊಟದ ನಂತರ ಎಲ್ಲರೂ ಮಲಗಿದಾಗ ನಾನು ಇಳಿದು, ಕಂಬಳಿ ತೆಗೆದು, ಬಿಸಿಲು ಬೀಳುವ ಕಡೆ ಕುಳಿತು ಓದುತ್ತೇನೆ. ಹೊರಡುವಾಗ ಮತ್ತೆ ತುರುಕುತ್ತೇನೆ.

ಗೆಳತಿ ಶಹ್ಲಾ ಈ ಸಲ ನಾಲ್ಕು ಹೊತ್ತಗೆ ಕೊಟ್ಟಿದ್ದಾಳೆ, ಹೆಣಿಗೆಯ ಚೀಲದಲ್ಲಿ, ನೂಲಿನ ಉಂಡೆಗಳ ಕೆಳಗೆ. ಮೂರಕ್ಕೆ ಬಿಳಿ ರಟ್ಟು, ಹೆಸರೂ ಇಲ್ಲ, ಅಚ್ಚು ಹಾಕಿದವರ ವಿಳಾಸವೂ ಇಲ್ಲ. ಈ ನಿಷೇಧಿತ ಪುಸ್ತಕಗಳು ಪೊಲೀಸರ ಕೈಗೆ ಸಿಕ್ಕಿಬಿದ್ದರೆ ಏನಾಗುತ್ತದೆಂದು ಗೊತ್ತು. ಗೊತ್ತಿದ್ದೂ ಓದುತ್ತೇನೆ. ಒಂಬತ್ತನೇ ತರಗತಿಗೆ ಶಾಲೆ ಬಿಡಿಸಿದರೆ ಪೂರಾನ್ ಓದು ಬಿಡುತ್ತಾಳೆಂದು ಭಾವಿಸಿದವರು ನೋಡಲಿ. ನಾಲ್ಕನೆಯದು ವಿಜ್ಞಾನದ ಕಿರುಹೊತ್ತಗೆ. ಅದನ್ನು ಕೊನೆಗೆ ಓದುತ್ತೇನೆ.

೧೪ ಎಸ್ಫಂದ್

ಅಮ್ಮ, ಗೋಹರ್ ಇಬ್ಬರೂ ನೆಂಟರ ಮನೆಗೆ ಹೋಗಿದ್ದರು. ಬೆಳಗಿನಿಂದ ಸಂಜೆಯವರೆಗೆ ನೆಲಮಾಳಿಗೆ ನನ್ನದೇ. ಊಟವನ್ನೂ ಬಿಟ್ಟೆ. ಬಿಳಿ ಹೊತ್ತಗೆಗಳು ಮುಗಿದವು. ವಿಜ್ಞಾನದ್ದು ಅರ್ಧವಾಯಿತು, ಅದರಷ್ಟು ಕ್ರಾಂತಿಕಾರಿ ಪುಸ್ತಕ ಇನ್ನೊಂದಿಲ್ಲ!

ಗಿಡದ ಜೀವಕೋಶಗಳೊಳಗೆ ಪ್ಲಾಸ್ಟಿಡ್ ಎಂಬ ಪುಟ್ಟ ಚೀಲಗಳಿವೆ. ಎಳೆಯ ಕೋಶದಲ್ಲಿ ಅವು ಬಣ್ಣವಿಲ್ಲದ, ಯಾವ ಕಸುಬೂ ಹಿಡಿಯದ ಚುಕ್ಕೆಗಳು. ಅದೇ ಚುಕ್ಕೆ ಎಲೆಯಲ್ಲಿ ಹಸಿರಾಗಿ ಬಿಸಿಲಿನಿಂದ ಸಕ್ಕರೆ ತಯಾರಿಸುತ್ತದೆ. ಆಲೂಗಡ್ಡೆಯಲ್ಲಿ ಬಿಳಿಯಾಗಿಯೇ ಉಳಿದು ಪಿಷ್ಟ ಕೂಡಿಡುತ್ತದೆ. ಗಜ್ಜರಿಯಲ್ಲಿ ಕೇಸರಿ ಬಣ್ಣ ತುಂಬಿಕೊಳ್ಳುತ್ತದೆ. ಟೊಮೆಟೊ ಹಣ್ಣಾಗುವಾಗ ಹಸಿರು ಪ್ಲಾಸ್ಟಿಡ್‌ಗಳೇ ಕಸುಬು ಬದಲಿಸಿ ಕೆಂಪಾಗುತ್ತವೆ. ಕೊಳದ ಪಾಚಿಯಲ್ಲೂ ಇವೆ, ಕೆಲವು ಪಾಚಿಗಳಲ್ಲಿ ಕೋಶಕ್ಕೆ ಒಂದೇ ಒಂದು, ಬಟ್ಟಲಿನ ಆಕಾರದ್ದು. ಎಷ್ಟೋ ಕೋಟಿ ವರ್ಷಗಳ ಹಿಂದೆ ಇವು ಸ್ವತಂತ್ರವಾಗಿ ಬದುಕುತ್ತಿದ್ದ ಜೀವಿಗಳಾಗಿದ್ದವು, ಆಮೇಲೆ ಇನ್ನೊಂದು ಕೋಶದೊಳಗೆ ಬಂದು ನೆಲೆಸಿದವು ಎಂದೂ ಕೆಲವರು ವಾದಿಸುತ್ತಾರಂತೆ.

ಹುಟ್ಟಿನಲ್ಲಿ ಮೇಲು ಕೀಳಿಲ್ಲ! ಎಲ್ಲಿ ನಿಂತೆ, ಏನು ಸಿಕ್ಕಿತು ಎನ್ನುವುದೇ ಎಲ್ಲವನ್ನೂ ನಿರ್ಧರಿಸುತ್ತದೆ! ಇದನ್ನು ಓದಿ ಎದ್ದುನಿಂತು ಚಪ್ಪಾಳೆ ತಟ್ಟಿದೆ. ಬೆಳಕಿಂಡಿಯ ಬಿಸಿಲು ತಟ್ಟೆಗಳ ಮೇಲೆ ಓರೆಯಾಗಿ ಹಾದು ನನ್ನ ಪುಟದವರೆಗೆ ಬಂದಿತ್ತು. ಇಡೀ ಇತಿಹಾಸ ನನ್ನ ಮಡಿಲಲ್ಲಿದೆ ಎನಿಸಿತು.

೧೫ ಎಸ್ಫಂದ್

ಬೆಳಿಗ್ಗೆ ಅಮ್ಮನ ಕೂಗಿಗೆ ಪಕ್ಕದ ಮನೆಯವರೂ ಎದ್ದರು.

"ಹಸಿರಾಗಿದೆ! ಅಯ್ಯೋ ದೇವರೇ, ಹಸಿರಾಗಿದೆ!"

ಐದು ತಟ್ಟೆಗಳಲ್ಲಿ ಮೂರು. ಅಂಗಳಕ್ಕೆ ತಂದಿಟ್ಟರು. ತೂಬಾ ಖಾನುಮ್ ತಲೆಯಿಂದ ಹೊದ್ದ ಚಾದರವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಓಡಿಬಂದರು. ಓಣಿಯ ಸಮನು ಕೊಪ್ಪರಿಗೆಗಳಿಗೆಲ್ಲ ಅವರೇ ಒಡತಿ, ನಲವತ್ತು ವರ್ಷಗಳಿಂದ. ಬಗ್ಗಿ ನೋಡಿ, ಮೊಳಕೆಗಳನ್ನು ಬೆರಳಿನಿಂದ ಸವರಿ, "ಕೆಳಗೆ ಯಾರು ಹೋಗಿದ್ರು?" ಎಂದು ಕೇಳಿದರು.

ಗೋಹರ್ ಮೆಲ್ಲಗೆ, "ನಿನ್ನೆ ಹೊರಡೋ ಮುಂಚೆ ನಾನು ನೀರಿನ ಕೊಡ ಇಟ್ಟು ಬಂದೆ," ಎಂದಳು.

ಅಮ್ಮ ತಿರುಗಿದಳು. "ನೀನು ಕಾಲಿಟ್ಟ ತಿಂಗಳೇ ಕೋಳಿಗಳೆಲ್ಲ ಸತ್ವು. ಆಮೇಲೆ ಮಾವನ ಬೆರಳು ಮಗ್ಗಕ್ಕೆ ಸಿಕ್ತು. ಈಗ ನನ್ನ ಮಗನ ಹರಕೆ ಗೋಧಿ! ಹಸಿರುಗಾಲಿನವಳನ್ನ ಮನೆ ತುಂಬಿಸ್ಕೊಂಡೆನಲ್ಲ!"

ಕಾಲ್ಗುಣ ಕೆಟ್ಟವಳಿಗೆ ಹಸಿರುಗಾಲಿನವಳು ಎಂಬ ಹೆಸರು ಕಟ್ಟಿದವರು ಯಾರೋ! ಇಡೀ ವಸಂತದ ಬಣ್ಣವನ್ನು ತೆಗೆದು ಒಬ್ಬ ಹೆಣ್ಣಿನ ಪಾದಕ್ಕೆ ಬಳಿದು ಬೈಗುಳ ಮಾಡಿದ ಭಾಷೆ ನಮ್ಮದು. ನಾನು ತಡೆದುಕೊಳ್ಳಲಾರದೆ ಅಂಗಳದ ಕಾರಂಜಿಯ ಕಟ್ಟೆ ಹತ್ತಿ ನಿಂತೆ. ಮೂಢನಂಬಿಕೆ ಆಳುವವರ ಆಯುಧ ಎಂದೆ. ಹೆಣ್ಣಿಗೆ ಹೆಣ್ಣೇ ಸರಪಳಿ ಹಾಕುವುದು ಇನ್ನೆಷ್ಟು ದಿನ ಎಂದೆ. ಬಹಳ ಚೆನ್ನಾಗಿ ಮಾತಾಡಿದೆ, ಒಂದು ಶಬ್ದಕ್ಕೂ ತಡವರಿಸಲಿಲ್ಲ.

"ಇಳಿಯೇ ಕೆಳಗೆ, ಜಾರ್ತೀಯ," ಎಂದಳು ಅಮ್ಮ.

ತೂಬಾ ಖಾನುಮ್ ಮಾತ್ರ ನನ್ನನ್ನೇ ದಿಟ್ಟಿಸಿದರು. "ಭಾಷಣ ಮುಗೀತಾ? ನಾನು ಕೇಳಿದ್ದಕ್ಕೆ ಇದು ಉತ್ತರ ಅಲ್ಲ, ಹುಡುಗಿ."

ಹಿಂದುಳಿದ ಮನಸ್ಸುಗಳಿಗೆ ಸತ್ಯ ಹೀಗೆಯೇ ಕೇಳಿಸುತ್ತದೆ.

೧೬ ಎಸ್ಫಂದ್

ಅಮ್ಮ ತೀರ್ಮಾನ ಮಾಡಿದ್ದಾಳೆ. ಇಪ್ಪತ್ತನೇ ತಾರೀಖಿನ ಬಸ್ಸಿಗೆ ಗೋಹರಳನ್ನು ಅವಳ ಅಪ್ಪನ ಮನೆಗೆ ಕಳಿಸುವುದು. "ಹಬ್ಬ ಕಳೀಲಿ, ಎಸ್ಮಾಯಿಲ್ ಬರ್ಲಿ, ಆಮೇಲೆ ನೋಡೋಣ" ಎಂದಿದ್ದಾಳೆ. ಆ 'ನೋಡೋಣ'ದ ಅರ್ಥ ಎಲ್ಲರಿಗೂ ಗೊತ್ತು. ಮೊದಲ ನೌರೂಜ್‌ಗೆ ಗಂಡನ ಮನೆಯಿಂದ ಹೊರಗೆ ಹಾಕಿಸಿಕೊಂಡ ಸೊಸೆಯನ್ನು ಮತ್ತೆ ಕರೆಯುವುದಿಲ್ಲ. ಹಳ್ಳಿಯಲ್ಲಿ ಅವಳ ತಂಗಿಯರನ್ನೂ ಯಾರೂ ಕೇಳುವುದಿಲ್ಲ.

ಅಪ್ಪ, ನಮ್ಮ ಆಘಾ ಜಾನ್, ಮಗ್ಗದ ಮುಂದೆ ಕುಳಿತು ಕೇಳಿಸದವರಂತೆ ಇದ್ದರು. ಅಪ್ಪಂದಿರ ಮೌನದ ಮೇಲೆ ಒಂದು ಪ್ರಬಂಧ ಬರೆಯಬೇಕು.

ಗೋಹರ್ ಅಳಲಿಲ್ಲ. ಪಾತ್ರೆ ತೊಳೆದಳು. ಚಳಿಗೆ ಅವಳ ಬೆರಳ ಗೆಣ್ಣುಗಳು ಬಿರುಕು ಬಿಟ್ಟು ರಕ್ತ ಜಿನುಗುತ್ತಿತ್ತು. ಯಾವಾಗಿನಿಂದ ಹೀಗಿದೆಯೋ.

೧೭ ಎಸ್ಫಂದ್

ವಿಜ್ಞಾನದ ಹೊತ್ತಗೆಯ ಉಳಿದ ಅರ್ಧ ಓದಿದೆ.

"ಕತ್ತಲಲ್ಲಿ ಮೊಳೆತ ಸಸಿಯ ಪ್ಲಾಸ್ಟಿಡ್‌ಗಳು ಅರ್ಧ ಸಿದ್ಧವಾಗಿ ಕಾದು ಕುಳಿತಿರುತ್ತವೆ. ಬೆಳಕು ಬಿದ್ದ ಕೆಲವೇ ಗಂಟೆಗಳಲ್ಲಿ ಹಸಿರಾಗುತ್ತವೆ."

ನಾನೇ.

೧೭, ಮತ್ತೆ

ಶಾಂತವಾಗಿ ಯೋಚಿಸಬೇಕು. ಕಂಬಳಿ ತೆಗೆದೆ ಎಂದರೆ ಯಾಕೆ ತೆಗೆದೆ ಎನ್ನುತ್ತಾರೆ. ಓದಲು ಎಂದರೆ ಏನು ಓದಲು ಎನ್ನುತ್ತಾರೆ. ಆಗ ಬಿಳಿ ಹೊತ್ತಗೆಗಳು, ಶಹ್ಲಾ, ಶಹ್ಲಾಗೆ ಕೊಟ್ಟವರು. ಓಣಿಯ ಗೋಡೆಗಳಿಗೆಲ್ಲ ಕಿವಿಗಳಿವೆ. ಒಬ್ಬ ವ್ಯಕ್ತಿಯ ತಾತ್ಕಾಲಿಕ ಕಷ್ಟಕ್ಕಿಂತ ಚಳವಳಿಯ ಹಿತ ದೊಡ್ಡದು. ಒಂದನೇ ಹೊತ್ತಗೆಯ ಹನ್ನೆರಡನೇ ಪುಟದಲ್ಲಿ ಇದು ಸ್ಪಷ್ಟವಾಗಿದೆ.

ಸ್ಪಷ್ಟವಾಗಿಯೇ ಇದೆ. ಮೂರು ಸಲ ಓದಿದೆ.

೧೮ ಎಸ್ಫಂದ್

ಉಪಾಯ ಹೊಳೆಯಿತು. ತಪ್ಪೊಪ್ಪಿಕೊಳ್ಳದೆ ಸತ್ಯ ಸಾಧಿಸಬಹುದು! ಪ್ರಯೋಗ!

ಹಸಿರಾಗದ ಎರಡು ತಟ್ಟೆಗಳು ಇನ್ನೂ ನೆಲಮಾಳಿಗೆಯಲ್ಲೇ ಇದ್ದವು. ಒಂದರಿಂದ ಎರಡು ತುಂಡು ಕಿತ್ತು ಎರಡು ಬಟ್ಟಲಿಗೆ ಹಾಕಿದೆ. ಒಂದನ್ನು ಹಾಸಿಗೆಯ ಪೆಟ್ಟಿಗೆಯೊಳಗೆ ಮುಚ್ಚಿಟ್ಟೆ, ಇನ್ನೊಂದನ್ನು ಕಿಟಕಿಯಲ್ಲಿಟ್ಟೆ. ಎರಡಕ್ಕೂ ಗೋಹರ್ ಕೈಯಿಂದಲೇ ನೀರು ಹಾಕಿಸಿದೆ. ಸಂಜೆಯ ಹೊತ್ತಿಗೆ ಕಿಟಕಿಯದ್ದು ಹಸಿರು, ಪೆಟ್ಟಿಗೆಯದ್ದು ತಿಳಿಹಳದಿ. ನಾನು ಗೆದ್ದವಳಂತೆ ಅವಳ ಮುಂದೆ ಹಿಡಿದು ಪ್ಲಾಸ್ಟಿಡ್ ಬಗ್ಗೆ ಪಾಠ ಶುರುಮಾಡಿದೆ.

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಪೂರಾನ್ ಖಾನುಮ್, ಬೇಜಾರು ಮಾಡ್ಕೋಬೇಡಿ. ಇದು ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು. ಸಮನು ಗೋಧಿಗೆ ಕತ್ತಲು, ಹಬ್ಬದ ಹಾಸಲ್ಲಿ ಇಡೋ ಹಸಿರು ಪೈರಿಗೆ ಬಿಸಿಲು," ಎಂದಳು.

"ಗೊತ್ತಿದ್ದೂ ಸುಮ್ಮನಿದ್ಯಾ? ಯಾರೋ ಕಿಂಡಿ ತೆಗೆದಿದ್ದಾರೆ ಅಂತ ಹೇಳೋಕೇನಾಗಿತ್ತು?"

"ಯಾರೋ ಅಲ್ವಲ್ಲ." ನೆಲ ನೋಡುತ್ತ ಹೇಳಿದಳು. "ಅವತ್ತು ಕೊಡ ಇಡೋಕೆ ಹೋದಾಗ ಗೋಡೆ ಮೂಲೇಲಿ ನಿಮ್ಮ ಬಿಳಿ ಪುಸ್ತಕ ಇತ್ತು. ಸಂಜೆ ಬಂದಾಗ ನಿಮ್ಮ ಕೂದಲ ತುಂಬ ಕಂಬಳಿ ಎಳೆ."

ನನ್ನ ಕೈ ತಾನಾಗಿ ಕೂದಲಿಗೆ ಹೋಯಿತು.

"ನಮ್ಮ ಚಿಕ್ಕಪ್ಪ ಮೇಷ್ಟ್ರಾಗಿದ್ರು. ಅವರ ಹತ್ರಾನೂ ಅಂಥದ್ದೇ ಪುಸ್ತಕ ಇತ್ತು, ಹೆಸರಿಲ್ಲದ್ದು. ಯಾರೋ ಬಾಯಿಬಿಟ್ರು. ಕರ್ಕೊಂಡು ಹೋದ್ರು. ಮೂರು ವರ್ಷ ಆಯ್ತು." ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. "ನನ್ನ ಕಳಿಸಿದ್ರೆ ಅಪ್ಪನ ಮನೆಗೆ ತಾನೆ ಕಳಿಸೋದು. ನಿಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗ್ತಾರೋ ಯಾರಿಗೆ ಗೊತ್ತು?"

ಕುರಿಕೊಬ್ಬಿನ ಮುಲಾಮು ತಂದು ಅವಳ ಬೆರಳುಗಳಿಗೆ ಹಚ್ಚಿದೆ.

೧೯ ಎಸ್ಫಂದ್

ಹೇಳಿದೆ.

ಮಧ್ಯಾಹ್ನ ತೂಬಾ ಖಾನುಮ್ ಬಂದಿದ್ದರು, ಕೊಪ್ಪರಿಗೆ ವಾಪಸ್ಸು ಒಯ್ಯಲು. ಗೋಹರ್ ಒಳಗೆ ಬಟ್ಟೆ ಗಂಟು ಕಟ್ಟುತ್ತಿದ್ದಳು. ಅವತ್ತೇ ಮತ್ತೆ ನೆಲಮಾಳಿಗೆಗೆ ಸೇರಿದ್ದ ಹಸಿರು ತಟ್ಟೆಯೊಂದನ್ನು ನಾನು ಅಮ್ಮನ ಮುಂದಿಟ್ಟೆ. ನಡುವೆ ಓರೆಯಾಗಿ ಒಂದು ಪಟ್ಟಿ ಗಾಢ ಹಸಿರಾಗಿತ್ತು, ಬೆಳಕಿಂಡಿಯನ್ನೇ ಎಳೆದು ಬಗ್ಗಿಸಿ ಇಟ್ಟಂತೆ. "ಅಮ್ಮ, ಪ್ರತಿ ಜೀವಕೋಶದಲ್ಲೂ..." ಎಂದು ಶುರುಮಾಡಿದೆ.

"ಕಂಬಳಿ ತೆಗೆದಿದ್ದು ಯಾರು ಅಂತ ಮೊದಲು ಹೇಳೇ," ಎಂದರು ತೂಬಾ ಖಾನುಮ್.

"ನಾನು."

"ಯಾಕೆ?"

"ಓದೋಕೆ."

ಅಮ್ಮ ಕೈ ಎತ್ತಿದಳು, ಹೊಡೆಯಲಿಲ್ಲ. ಎತ್ತಿದ ಕೈಯನ್ನೇನು ಮಾಡಬೇಕೆಂದು ತಿಳಿಯದೆ ತಲೆವಸ್ತ್ರ ಸರಿಮಾಡಿಕೊಂಡಳು. "ನಾಲ್ಕು ದಿನ! ನಾಲ್ಕು ದಿನದಿಂದ ನೋಡ್ತಾ ಕೂತಿದ್ಯಲ್ಲೇ! ಆ ಮಗು ಗಂಟು ಕಟ್ಟೋದನ್ನ!"

"ಎರಡು ದಿನ. ಮೊದಲೆರಡು ದಿನ ನನಗೂ ಗೊತ್ತಿರಲಿಲ್ಲ."

"ಲೆಕ್ಕ ಹೇಳ್ತಾಳೆ ನೋಡು!"

"ಬೆಳಕು ಬಿದ್ರೆ ಹಸಿರಾಗತ್ತೆ ಅಂತ ನನಗೇನು ಗೊತ್ತಿಲ್ವಾ?" ತೂಬಾ ಖಾನುಮ್ ಕೊಪ್ಪರಿಗೆಯ ಅಂಚಿನ ಮೇಲೆ ಕುಳಿತರು. "ಅದಕ್ಕೇ ಅವತ್ತು ಕೇಳಿದ್ದು, ಯಾರು ಹೋಗಿದ್ರು ಅಂತ. ನಿಮ್ಮಮ್ಮನಿಗೆ ಕಾಲು ಕಾಣಿಸ್ತು. ನಿನಗೆ ಭಾಷಣ ಮಾಡೋಕೆ ಕಟ್ಟೆ ಕಾಣಿಸ್ತು. ಕಿಂಡಿ ಕಡೆ ಒಬ್ಬರಾದ್ರೂ ತಲೆ ಎತ್ತಿದ್ರಾ?"

"ನೀವಾದ್ರೂ ಹೇಳ್ಬಹುದಿತ್ತಲ್ಲ, ಖಾನುಮ್!" ಎಂದಳು ಅಮ್ಮ.

"ಹೇಳ್ಬಹುದಿತ್ತು." ಅಂಚಿನಿಂದ ಎದ್ದು ನಿಂತರು. "ಬೇರೆಯವರ ಮನೆ ಸೊಸೆ ವಿಷಯ, ನಂಗ್ಯಾಕೆ ಅನ್ಕೊಂಡೆ. ನನ್ನದೂ ತಪ್ಪೇ."

ಮುದುಕಿಯೊಬ್ಬಳು ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳುವುದನ್ನು ಮೊದಲ ಸಲ ನೋಡಿದೆ. ನನ್ನ ಹಾಗೆ ಕಟ್ಟೆ ಹತ್ತಲಿಲ್ಲ.

ಅಮ್ಮ ಒಳಗೆ ಹೋದಳು. ನಾನು ಬಾಗಿಲ ಸಂದಿನಿಂದ ನೋಡಿದೆ. ಕ್ಷಮೆ ಕೇಳಲಿಲ್ಲ. ಗೋಹರಳ ಗಂಟು ಬಿಚ್ಚಿ, ಲಂಗ, ಅಂಗಿ, ಚಾದರ ಒಂದೊಂದನ್ನೂ ಕೊಡವಿ ಮತ್ತೆ ಮೊಳೆಗೆ ನೇತುಹಾಕಿದಳು. ಕೊನೆಯ ಅಂಗಿಯ ಹರಿದ ತೋಳು ನೋಡಿ, "ಇದನ್ನ ಹೊಲಿಯೋಕೆ ದಾರ ಕೇಳ್ಬಾರ್ದಿತ್ತಾ?" ಎಂದು ಗದರಿದಳು. ಗೋಹರ್ ಆಗ ಅತ್ತಳು.

ಸಂಜೆ ಆಘಾ ಜಾನ್ ಕೈಚಾಚಿದರು. ನಾಲ್ಕೂ ಹೊತ್ತಗೆ ಕೊಟ್ಟೆ. ಯಾರು ಕೊಟ್ಟರೆಂದು ಕೇಳಲಿಲ್ಲ. ಬಿಳಿಯವು ಮೂರನ್ನೂ ಒಲೆಗೆ ಹಾಕಿ ಉರಿಯುವವರೆಗೆ ನಿಂತರು. ವಿಜ್ಞಾನದ್ದನ್ನು ಮಾತ್ರ ಬೆಂಕಿಯ ಬೆಳಕಿನಲ್ಲಿ ತಿರುವಿ, ಟೊಮೆಟೊ ಚಿತ್ರದ ಮೇಲೆ ಬೆರಳಾಡಿಸಿ, "ಈ ಕೆಂಪು ನೂಲಿಗೆ ಬಂದ್ರೆ ಚೆನ್ನಾಗಿರತ್ತೆ," ಎಂದು ಹಿಂದಿರುಗಿಸಿದರು.

ಹೊತ್ತಗೆ ಸುಟ್ಟವರನ್ನು ಇತಿಹಾಸ ಕ್ಷಮಿಸುವುದಿಲ್ಲ ಎಂದು ಬರೆಯಲು ಕುಳಿತೆ. ಆಮೇಲೆ ಅವರ ಬೆರಳಿನ ಪಟ್ಟಿಯನ್ನು ಬದಲಿಸಬೇಕಾಗಿತ್ತು, ಎದ್ದುಹೋದೆ.

೨೦ ಎಸ್ಫಂದ್

ಹತ್ತೂವರೆಗೆ ಬಸ್ಸು ಹೋಯಿತು. ಗೋಹರ್ ಹೋಗಲಿಲ್ಲ. ನಿನ್ನೆ ಸಂಜೆಯೇ ಹೊಸ ಗೋಧಿ ನೆನೆದಿದೆ, ಲೆಕ್ಕ ಹಾಕಿದರೆ ಹಬ್ಬಕ್ಕೆ ಸರಿಹೋಗುತ್ತದೆ. ಹಸಿರಾದ ಮೂರು ತಟ್ಟೆಗಳನ್ನು ತೂಬಾ ಖಾನುಮ್ ಚಾಕುವಿನಿಂದ ಚೌಕಚೌಕವಾಗಿ ಕತ್ತರಿಸಿ, ಹಬ್ಬದ ಪೈರಿಗೆಂದು ಓಣಿಯ ಮನೆಮನೆಗೂ ಹಂಚಿದರು.

"ಈ ವರ್ಷ ಯಾರೂ ಪೈರು ಬೆಳೆಸೋ ಕಷ್ಟ ತಗೋಬೇಡಿ, ಪೂರಾನ್ ಖಾನುಮ್ ಓದಿ ಬೆಳೆಸಿದ್ದಾಳೆ," ಎಂದು ಬಾಗಿಲಲ್ಲೆಲ್ಲ ಹೇಳಿಕೊಂಡು ಬಂದರಂತೆ. ಇನ್ನು ಒಂದು ವರ್ಷ ಇದೇ ಮಾತು.

ನಿನ್ನೆ ಚೆನ್ನಾಗಿ ನಿದ್ದೆ ಬಂತು. ಕಾರಣ ತಿಳಿಯದು.

೨೩ ಎಸ್ಫಂದ್

ತಟ್ಟೆಗಳು ಕೆಳಗಿಳಿದವು. ನೆಲಮಾಳಿಗೆಯ ಕೀಲಿ ಗೋಹರಳ ಸೊಂಟದಲ್ಲಿ. ನನಗೆ ಮೆಟ್ಟಿಲ ಹತ್ತಿರವೂ ಹೋಗಲು ಅಪ್ಪಣೆಯಿಲ್ಲ. ಸರಿಯಾಗಿಯೇ ಇದೆ.

೨೮ ಎಸ್ಫಂದ್

ಮೊಳಕೆ ಬೆಳ್ಳಗಿದೆ. ಬೇರುಗಳು ಹೆಣೆದು ಚಾಪೆಯಾಗಿವೆ. ಮುಂಜಾನೆಯಿಂದ ಅರೆಯುವುದು, ಹಿಂಡುವುದು. ಸೌಟು ಮುಟ್ಟುವುದಿಲ್ಲ ಎಂದು ನಾನು ಹೇಳಿದ್ದು ಯಾರಿಗೂ ನೆನಪಿಲ್ಲ ಎಂದುಕೊಂಡಿದ್ದೆ. ಅಮ್ಮನಿಗೆ ನೆನಪಿತ್ತು. "ತೋಳಲ್ಲಿ ಶಕ್ತಿ ಇದ್ಯಾ, ಬರೀ ಬಾಯಲ್ಲಾ?" ಎಂದು ದೋಣಿಯ ಹುಟ್ಟಿನಂಥ ಸೌಟನ್ನು ಕೈಗಿತ್ತಳು. ಗೋಹರಳ ಕೈ ಬಿರುಕು ಇನ್ನೂ ಮಾಯ್ದಿಲ್ಲ, ಅವಳ ಸರದಿಯನ್ನೂ ನಾನೇ ತಿರುವಿದೆ.

ಮಧ್ಯಾಹ್ನದ ಹೊತ್ತಿಗೆ ಬಿಳಿ ಗಂಜಿ ಕೆಂಪಗಾಗತೊಡಗಿತು. ತೂಬಾ ಖಾನುಮ್ ನೆಕ್ಕಿ ನೋಡಿ ಕಣ್ಣು ಮುಚ್ಚಿದರು. "ಒಂದು ಹರಳು ಸಕ್ಕರೆ ಹಾಕಿಲ್ಲ. ಇದು ಎಲ್ಲಿಂದ ಬರತ್ತೆ ಅಂತ ನಿನ್ನ ಪುಸ್ತಕದಲ್ಲಿದ್ಯಾ?"

ಇತ್ತು. ತಿರುವುತ್ತಲೇ ಹೇಳಿದೆ. ಹೋದ ವರ್ಷ ಹೊಲದಲ್ಲಿ ಎಲೆಯ ಹಸಿರು ಪ್ಲಾಸ್ಟಿಡ್‌ಗಳು ಬಿಸಿಲನ್ನು ಸಕ್ಕರೆ ಮಾಡಿದವು. ಕಾಳಿನೊಳಗಿನ ಬಣ್ಣವಿಲ್ಲದ ಪ್ಲಾಸ್ಟಿಡ್‌ಗಳು ಅದನ್ನು ಪಿಷ್ಟ ಮಾಡಿ, ಹುಟ್ಟಲಿರುವ ಮೊಳಕೆಗೆಂದು ಕಟ್ಟಿಟ್ಟವು. ಮೊಳಕೆ ಎದ್ದು ಆ ಬುತ್ತಿಯನ್ನು ಬಿಚ್ಚಿ ಮತ್ತೆ ಸಕ್ಕರೆ ಮಾಡಿಕೊಂಡಿತು. ನಾವು ಆ ಗಳಿಗೆಯಲ್ಲಿ ಹಿಡಿದುಬಿಟ್ಟೆವು. ಹೋದ ವರ್ಷದ ಬಿಸಿಲೇ ಈ ಕೊಪ್ಪರಿಗೆಯಲ್ಲಿರುವುದು.

ಹೆಂಗಸರೆಲ್ಲ ಮೊದಲ ಸಲ ನನ್ನ ಮಾತು ಪೂರ್ತಿ ಕೇಳಿದರು. ನಾನೇನೂ ಕಟ್ಟೆ ಹತ್ತಿರಲಿಲ್ಲ, ಹೊಗೆಗೆ ಕಣ್ಣೀರು ಬೇರೆ ಸುರಿಯುತ್ತಿತ್ತು.

"ಬಾಣಂತಿಗೆ ತವರಿಂದ ಕಟ್ಟಿಕೊಟ್ಟ ಹಾಗೆ," ಎಂದಳು ಗೋಹರ್.

ಹೌದು. ಹೊತ್ತಗೆ ಬರೆದವನಿಗೂ ಇದು ಹೊಳೆದಿರಲಿಲ್ಲ.

"ಅಷ್ಟೆಲ್ಲ ಯೋಚನೆ ಮಾಡಿ ಕಾಳಿನೊಳಗೆ ಇಟ್ಟವನಿಗೆ ಒಂದು ಸಲವಾತ್ ಹೇಳ್ರೇ!" ಎಂದರು ತೂಬಾ ಖಾನುಮ್. ಇಡೀ ಅಂಗಳ ಆ ಸ್ತುತಿಯನ್ನು ಒಟ್ಟಿಗೆ ಹೇಳಿತು. ನನ್ನ ಧ್ವನಿಯೂ ಸೇರಿತು. ಹೊಗೆಗೆ ಗಂಟಲು ಕಟ್ಟಿತ್ತು, ಸರಿಪಡಿಸಿಕೊಳ್ಳಬೇಕಾಗಿತ್ತು.

೨೯ ಎಸ್ಫಂದ್

ಸಿಹಿ! ಒಂದು ಚೂರೂ ಕಹಿಯಿಲ್ಲ. ಮೂವತ್ತೆರಡು ಬಟ್ಟಲು ಹಂಚಿದೆವು. ಬಟ್ಟಲು ಹಿಂದಿರುಗಿಸುವಾಗ ಯಾರೂ ಬರಿದಾಗಿ ಕೊಡಲಿಲ್ಲ. ಮೊಟ್ಟೆ, ಗುಲಾಬಿ ನೀರು, ಒಬ್ಬರಂತೂ ಒಂದು ಗೊಂಬೆಯನ್ನೇ ಇಟ್ಟರು, ಗೋಹರಳಿಗೆ ಬೇಗ ಮಗುವಾಗಲಿ ಎಂದು. ಅವಳು ಚಾದರದಲ್ಲಿ ಮುಖ ಮುಚ್ಚಿಕೊಂಡು ಓಡಿದಳು. ಎಸ್ಮಾಯಿಲ್‌ನಿಂದ ತಂತಿ ಬಂತು. ಹೊರಟಿದ್ದಾನೆ, ಹಬ್ಬದ ಮೂರನೇ ದಿನ ಮನೆಯಲ್ಲಿರುತ್ತಾನೆ.

ಶಹ್ಲಾ ಬಂದಿದ್ದಳು. ಹೊತ್ತಗೆಗಳು ಸುಟ್ಟುಹೋದವೆಂದು ಹೇಳಿದೆ. ಬೈಯಲಿಲ್ಲ. ಇನ್ನಷ್ಟು ತರುತ್ತೇನೆ ಎಂದಳು. ತರಲಿ. ಆದರೆ ಓದುವ ಜಾಗವನ್ನು ಮೊದಲು ಗೋಹರ್ ಜೊತೆ ಮಾತಾಡಿ ಗೊತ್ತುಮಾಡಬೇಕು.

೧ ಫರ್ವರ್ದಿನ್

ಬೆಳಿಗ್ಗೆ ಒಂಬತ್ತರ ಮೇಲೆ ವರ್ಷ ತಿರುಗುವುದಿತ್ತು. ಎಲ್ಲರೂ ಹಬ್ಬದ ಹಾಸಿನ ಸುತ್ತ ಕುಳಿತಿದ್ದೆವು, ರೇಡಿಯೋದಲ್ಲಿ ನಿಮಿಷ ಎಣಿಸುತ್ತಿದ್ದರು. ಹೊಸ ವರ್ಷ ಹುಟ್ಟಿದ ಮೇಲೆ ಯಾರ ಪಾದ ಮೊದಲು ಮನೆಯೊಳಗೆ ಬೀಳುತ್ತದೋ ಇಡೀ ವರ್ಷ ಅವರ ಕಾಲ್ಗುಣ. ಪ್ರತಿ ಸಲ ಅಮ್ಮ ಇದಕ್ಕೆ ಆಘಾ ಜಾನ್‌ರನ್ನೇ ಹೊರಗೆ ಕಳಿಸುತ್ತಿದ್ದಳು. ಈ ಸಲವೂ ಅವರು ಎದ್ದು ಕೋಟು ಹಾಕಿಕೊಳ್ಳುತ್ತಿದ್ದರು.

"ನೀವು ಕೂತ್ಕೊಳ್ಳಿ," ಎಂದಳು ಅಮ್ಮ. ಕನ್ನಡಿ, ನೀರಿನ ಬಟ್ಟಲು ತೆಗೆದು ಗೋಹರಳ ಕೈಗಿಟ್ಟಳು. ಯಾರ ಮುಖವನ್ನೂ ನೋಡಲಿಲ್ಲ. "ಬಾಗಿಲಾಚೆ ನಿಂತಿರು. ನಾನು ಕರೆದಾಗ ಬಾ."

ಗೋಹರ್ ನನ್ನತ್ತ ನೋಡಿದಳು. ನಾನು ಹೋಗು ಎಂದು ತಲೆಯಾಡಿಸಿದೆ.

ಹೊರಗೆ ಅವಳು, ಒಳಗೆ ನಾವು. ರೇಡಿಯೋದಲ್ಲಿ ತೋಪು ಹಾರಿತು. ಅಮ್ಮ ಬಾಗಿಲು ತೆರೆದಳು. ಹೊಸ್ತಿಲ ಮುಂದೆಯೇ ನನ್ನ ಚಪ್ಪಲಿಗಳು ಅಡ್ಡಾದಿಡ್ಡಿ ಬಿದ್ದಿದ್ದವು.

ಇದನ್ನೆಲ್ಲ ನಾನು ನಂಬುವುದಿಲ್ಲ. ಪಾದಕ್ಕೂ ವರ್ಷಕ್ಕೂ ಯಾವ ಸಂಬಂಧವೂ ಇಲ್ಲ, ಯಾರು ಬೇಕಾದರೂ ಕೇಳಲಿ, ವಾದಿಸಿ ತೋರಿಸುತ್ತೇನೆ. ಓಡಿಹೋಗಿ ಚಪ್ಪಲಿಗಳನ್ನು ಬದಿಗೆ ಸರಿಸಿದೆ, ಅವಳು ಎಡವಬಾರದಲ್ಲ.

"ಬಲಗಾಲಿಟ್ಟು ಬಾ, ತಾಯಿ," ಎಂದಳು ಅಮ್ಮ.